ಅರಮನೆಯಲ್ಲಿ ಆಡಬಾರದ ಮಾತು

"ಕೇಳಿರಪ್ಪೋ ಕೇಳಿ! ಬಂಡೆಪಟ್ಟಣದ ದೊರೆ ಸೋಮನರಸರ ಅಪ್ಪಣೆ! ದೊರೆಯ ಮೂರು ಒಗಟು ಬಿಡಿಸಿದವರಿಗೆ ಅರ್ಧ ರಾಜ್ಯ. ತಪ್ಪಿದವರಿಗೆ ಅಮಾವಾಸ್ಯೆಯ ಸಂಜೆ ತಲೆದಂಡ. ಸಭೆಯಲ್ಲಿ 'ಗೊತ್ತಿಲ್ಲ' ಎಂದವರ ನಾಲಿಗೆ ಅಲ್ಲೇ ಸೀಳಲಾಗುವುದು!"

ಡಂಗುರದವನು ಹೊಳೆಯ ದಡದಲ್ಲಿ ಹೀಗೆ ಸಾರಿ ಹೋದ. ಅಲ್ಲಿ ಹರಿಗೋಲು ನಡೆಸುತ್ತಿದ್ದವರು ಹುಲಿಗೆವ್ವ ಮತ್ತು ಅವಳ ಅಣ್ಣ ದುರುಗಪ್ಪ. ಆ ಹೊಳೆಯ ಹೊಟ್ಟೆ ತುಂಬ ಕಾಣದ ಬಂಡೆಗಳು. ಅದಕ್ಕೇ ಅಲ್ಲಿಯ ಅಂಬಿಗರಿಗೆ ಒಂದು ಕಟ್ಟಳೆ ಇತ್ತು. ಕೂರುವವರು "ದಡ ಮುಟ್ಟಿಸ್ತೀಯೇನು?" ಎಂದು ಕೇಳಿದರೆ "ಮುಟ್ಟಿಸ್ತೀನಿ" ಅನ್ನುವಂತಿಲ್ಲ, "ನೀರಿಗೆ ಹುಟ್ಟು ಹಾಕ್ತೀನಿ" ಅನ್ನಬೇಕು.

ದುರುಗಪ್ಪನಿಗೆ ಅರ್ಧ ರಾಜ್ಯದ ಆಸೆ ಹತ್ತಿತು. "ಸಂಜಿಗೆ ಬಂದೇ ಬರ್ತೀನಿ, ರೊಟ್ಟಿ ಮಾಡಿಡು" ಎಂದು ತಂಗಿಗೆ ಹೇಳಿ ಹೋದ. ಕಟ್ಟಳೆ ಮುರಿದು ಕೊಟ್ಟ ಮಾತು ಅದು. ರೊಟ್ಟಿ ಒಣಗಿತು, ಅಣ್ಣ ಬರಲಿಲ್ಲ. ಮೂರನೆಯ ಒಗಟಿನಲ್ಲಿ ಸೋತು ಸೆರೆಮನೆ ಸೇರಿದನೆಂದು ಸುದ್ದಿ ಬಂತು.

ಅಮಾವಾಸ್ಯೆಯ ಮಧ್ಯಾಹ್ನ ಹುಲಿಗೆವ್ವ ಅರಮನೆಯ ಬಾಗಿಲಲ್ಲಿ ನಿಂತಳು. ಅವಳಿಗೆ ರಾಜ್ಯ ಬೇಕಿರಲಿಲ್ಲ, ಅಣ್ಣ ಬೇಕಿತ್ತು. ಕಾವಲುಗಾರ ಹಲ್ಲು ಕಿಸಿದು, "ಕತ್ತಿ ಮಸೀತಿದಾರ, ಕೇಳಿಸ್ತದೇನವ್ವಾ?" ಎಂದ. ಅವನು ಬೆರಳು ಕೂಡ ಸೋಕಿಸಿರಲಿಲ್ಲ, ಆದರೂ ಅವಳು ಎರಡು ಹೆಜ್ಜೆ ಹಿಂದೆ ಸರಿದಳು.

ಸಭೆಯಲ್ಲಿ ಇನ್ನಿಬ್ಬರು ಅವಳಿಗಿಂತ ಮುಂದೆ ನಿಂತಿದ್ದರು. ದೊರೆ ಮೊದಲ ಒಗಟು ಹೇಳಿದ. "ದಿನವೂ ಎಲ್ಲರ ಮನೆಗೆ ಬರುವ ನೆಂಟ. ಬರುವ ಮೊದಲು ದಾರಿ ಕಾಯುತ್ತಾರೆ, ಹೋದ ಮೇಲೆ ನೆನೆದು ಅಳುತ್ತಾರೆ. ಮನೆಯಲ್ಲಿ ಇರುವಷ್ಟು ಹೊತ್ತು ಮುಖ ಎತ್ತಿ ನೋಡುವುದಿಲ್ಲ. ಯಾರವನು?"

ರೇಷ್ಮೆ ಪೇಟದ ವರ್ತಕ "ಭಾಗ್ಯ!" ಎಂದ. ಭಟರು ಅವನ ರಟ್ಟೆ ಹಿಡಿದರು. ಜಟ್ಟಿಯೊಬ್ಬ "ಸೂರ್ಯ" ಎಂದ. ಅವನನ್ನೂ ಎಳೆದೊಯ್ದರು. ಹುಲಿಗೆವ್ವನ ಸರದಿ ಬಂತು. ಒಗಟಿನ ಮೇಲೆ ಮನಸ್ಸು ನಿಲ್ಲದೆ ಅಣ್ಣನ ಕಡೆಗೇ ಓಡುತ್ತಿತ್ತು. ಎಷ್ಟು ವರ್ಷ ಒಂದೇ ಹರಿಗೋಲಿನಲ್ಲಿ ಕೂತರೂ ಅವನ ಮುಖ ನೆಟ್ಟಗೆ ನೋಡಿರಲಿಲ್ಲ. ಹಗ್ಗ ಒದ್ದೆ ಮಾಡಿದೆ ಎಂದು ಬೈದದ್ದೇ ಬೈದದ್ದು. ಈಗ ಅಂಥದೊಂದು ದಿನ ಸಿಕ್ಕರೆ ಸಾಕಿತ್ತು.

"ಇವತ್ತುರೀ, ದೊರಿ," ಎಂದಳು. "ಇವತ್ತು ಅನ್ನೋ ದಿನ."

ದೊರೆ ತಲೆದೂಗಿದ. "ಎರಡನೆಯದು. ಬಾಗಿಲ ಅಗುಳಿ ಒಳಗಡೆ ಮಾತ್ರ ಇರುವ ಮನೆ. ಒಡೆಯ ತೆಗೆಯದೆ ಯಾರೂ ಒಳಗೆ ಬರಲಾರರು. ಆದರೂ ಒಡೆಯ 'ಶತ್ರು ನುಗ್ಗಿದ' ಎಂದು ಬೊಬ್ಬೆ ಹಾಕುತ್ತಾನೆ. ಯಾವ ಮನೆ?"

ಅವಳಿಗೆ ಕಾವಲುಗಾರನ ನೆನಪಾಯಿತು. ಅವನ ಮಾತು ಹೊರಗೇ ಇತ್ತು, ಒಳಗೆ ಕರೆದು ಕೂರಿಸಿಕೊಂಡವಳು ತಾನು. "ಮನಸ್ಸುರೀ," ಎಂದಳು. ಹಾಗೆಂದ ಮೇಲೂ ಭಯ ಪೂರಾ ಹೋಗಲಿಲ್ಲ. ನಮ್ಮದೂ ಅಷ್ಟೇ ತಾನೆ. ಬೆಳಗಾದರೆ ಫೋನು ತೆರೆದು ಲೋಕದ ಭಯವನ್ನೆಲ್ಲ ಮಣೆ ಹಾಕಿ ಕೂರಿಸುತ್ತೇವೆ, ಆಮೇಲೆ ನೆಮ್ಮದಿ ಇಲ್ಲ ಎನ್ನುತ್ತೇವೆ.

ಆ ಉತ್ತರವನ್ನೂ ಒಪ್ಪಿ ದೊರೆ ಸಿಂಹಾಸನದಿಂದ ಮುಂದಕ್ಕೆ ಬಾಗಿದ. ಅವನ ಕಣ್ಣ ಕೆಳಗೆ ಕಪ್ಪಾಗಿತ್ತು. "ಮೂರನೆಯದು. ನಾಳೆ ಹೊತ್ತು ಮೂಡುವಾಗ ನಾನು ಬದುಕಿರುತ್ತೇನೋ ಇಲ್ಲವೋ?"

ದುರುಗಪ್ಪ ಸೋತದ್ದು ಇಲ್ಲಿಯೇ. "ಇರ್ತೀರಿ" ಎಂದಿದ್ದ. "ಹೇಗೆ ಗೊತ್ತು?" ಎಂದು ದೊರೆ ಕೇಳಿದಾಗ ಬಾಯಿ ಕಟ್ಟಿತ್ತು. ಇರುವುದಿಲ್ಲ ಎಂದವರಿಗೂ ಅದೇ ಗತಿ ಆಗಿತ್ತು. ಉಳಿದದ್ದು ಒಂದೇ ಮಾತು. ಅದನ್ನು ಆಡಿದರೆ ನಾಲಿಗೆ ಹೋಗುತ್ತದೆ. ಹುಲಿಗೆವ್ವ ಕಣ್ಣು ಮುಚ್ಚಿದಳು.

"ಗೊತ್ತಿಲ್ರಿ."

ಭಟ ಕತ್ತಿ ಹಿರಿದ. ದೊರೆ ಧಿಗ್ಗನೆ ಎದ್ದು, "ಏನೆಂದೆ?" ಎಂದು ಅರಚಿದ.

"ನನಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ನೀರಾಗಿನ ಬಂಡಿಗಲ್ಲು ನಮಗೇನು ಕಾಣ್ತಾವ್ರೀ? ಗೊತ್ತಿಲ್ದೇನ ದಿನಾ ಹೊಳಿ ದಾಟಿಸ್ತೀನಿ."

"ಗೊತ್ತಿಲ್ಲ ಎನ್ನುವವಳ ಹರಿಗೋಲಿನಲ್ಲಿ ಜನ ಯಾವ ಧೈರ್ಯದ ಮೇಲೆ ಕೂರುತ್ತಾರೆ?"

"ನಾ ಹುಟ್ಟು ಬಿಡಂಗಿಲ್ಲ ಅಂತ ಅವರಿಗೆ ಗೊತ್ತೈತ್ರಿ. ದಡ ಹೊಳೀ ಕೈಯಾಗೈತಿ. ನನ್ನ ಕೈಯಾಗಿರೋದು ಹುಟ್ಟು ಒಂದ."

ದೊರೆ ಭಟನ ಕೈ ತಡೆದ. ಹಿಂದೆ ದೊರೆಯ ತಂದೆ ಕಾಯಿಲೆ ಬಿದ್ದಾಗ "ಬದುಕುತ್ತಾರಾ?" ಎಂದು ಕೇಳಿದ್ದಕ್ಕೆ ಅರಮನೆಯ ವೈದ್ಯ "ಗೊತ್ತಿಲ್ಲ" ಎಂದಿದ್ದ. ತಂದೆ ತೀರಿಕೊಂಡ ಮರುದಿನವೇ ದೊರೆ ಆ ಮುದುಕನನ್ನು ಹೊಳೆಯಾಚೆ ಓಡಿಸಿ, ಆ ಮಾತನ್ನೇ ನಿಷೇಧಿಸಿದ್ದ. ಅಂದಿನಿಂದ ಒಂದು ದಿನವೂ ಅವನು ನೆಮ್ಮದಿಯಾಗಿ ಉಂಡಿರಲಿಲ್ಲ.

"ವೈದ್ಯರು ಗೊತ್ತಿಲ್ಲ ಎಂದರು," ದೊರೆ ತನಗೇ ಹೇಳಿಕೊಳ್ಳುವಂತೆ ಮೆಲ್ಲಗೆ ನುಡಿದ. "ಆದರೆ ಅಪ್ಪನ ಉಸಿರು ನಿಲ್ಲುವತನಕ ಅವರ ಹಾಸಿಗೆಯ ಪಕ್ಕದಿಂದ ಏಳಲಿಲ್ಲ. ಕಾಲು ಒತ್ತುತ್ತಲೇ ಇದ್ದರು." ಅವನು ಮತ್ತೆ ಸಿಂಹಾಸನದಲ್ಲಿ ಕೂತ. "ಅವರೂ ಹುಟ್ಟು ಹಾಕುತ್ತಿದ್ದರು. ನಾನೇ ನೋಡಲಿಲ್ಲ."

ಕತ್ತಿ ಒರೆಗೆ ಹೋಯಿತು. ಅರ್ಧ ರಾಜ್ಯವನ್ನು ಹುಲಿಗೆವ್ವ ಒಲ್ಲೆ ಎಂದಳು. ಅಣ್ಣನನ್ನೂ ಸೋತ ಉಳಿದವರನ್ನೂ ಬಿಡಬೇಕೆಂದು ಕೇಳಿದಳು. ದೊರೆ ಎಲ್ಲರನ್ನೂ ಬಿಟ್ಟ, ಜೊತೆಗೆ ಹೊಳೆಯ ಎರಡೂ ದಡದ ಹರಿಗೋಲಿನ ಹಕ್ಕನ್ನು ಅವಳ ವಂಶಕ್ಕೆ ಬರೆದುಕೊಟ್ಟ. ದುರುಗಪ್ಪ ತಂಗಿಯ ಮುಂದೆ ತಲೆ ತಗ್ಗಿಸಿ ನಿಂತ. ಅವಳು ಬೈಯಲಿಲ್ಲ. ಅವನ ಮುಖವನ್ನು ಕಣ್ತುಂಬ ನೋಡಿ, ಆಮೇಲೆ ಅತ್ತಳು.

ಮರುದಿನ ಹೊತ್ತು ಮೂಡಿತು, ದೊರೆ ಬದುಕಿದ್ದ. ಕಿರೀಟ ಬಿಟ್ಟು, ಬರಿಗಾಲಲ್ಲಿ ಬಂದು ಹರಿಗೋಲಿನಲ್ಲಿ ಕೂತ. ವೈದ್ಯನ ಗುಡಿಸಲು ಇದ್ದದ್ದು ಆಚೆ ದಡದಲ್ಲಿ.

ನಡುನೀರಿನಲ್ಲಿ ಅವನ ಧೈರ್ಯ ಕುಸಿಯಿತು. "ಹುಲಿಗೆವ್ವಾ, ಅವರು ನನ್ನನ್ನು ಕ್ಷಮಿಸುತ್ತಾರಾ?"

"ಗೊತ್ತಿಲ್ರಿ," ಎಂದಳು ಹುಲಿಗೆವ್ವ, ಇನ್ನೊಂದು ಹುಟ್ಟನ್ನು ಅವನ ಕೈಗೆ ಕೊಟ್ಟು.

ದೊರೆ ಹುಟ್ಟು ಹಾಕತೊಡಗಿದ.