ಸರದಾರನ ಗುರಾಣಿ ಮತ್ತು ಮುದಿ ಎತ್ತು

ಕತ್ತಿ ಕವಚಗಳ ಕಾಲದ ಇಂಗ್ಲೆಂಡಿನಲ್ಲಿ ಮೂರು ಹಳ್ಳಿಗಳ ಒಡೆಯನಾಗಿದ್ದ ಸರದಾರ ಫುಲ್ಕ್ ತೀರಿಕೊಂಡ. ಅವನ ಹೆಣವನ್ನು ಚರ್ಚಿಗೆ ಒಯ್ಯುವ ಗಾಡಿಗೆ, ಅವನ ಹೊಲ ಉತ್ತು ಉತ್ತು ಮುದಿಯಾಗಿದ್ದ ಎತ್ತನ್ನೇ ಕಟ್ಟಿದರು. ಶವಪೆಟ್ಟಿಗೆಯ ಮೇಲೆ, ಕೆಂಪು ಸಿಂಹದ ಚಿತ್ರವಿದ್ದ ಅವನ ಗುರಾಣಿ ಠೀವಿಯಿಂದ ಕೂತಿತ್ತು.

ಏರಿನಲ್ಲಿ ಗಾಡಿ ಕುಲುಕಿದ್ದೇ ತಡ, ಗುರಾಣಿ ಗದರಿತು:

"ನೆಟ್ಟಗೆ ನಡೆಯೋ, ಪಶುವೇ! ನೀನು ಎಳೆಯುತ್ತಿರುವುದು ಏಳು ತಲೆಮಾರಿನ ವಂಶವನ್ನು. ಇವನ ಮುತ್ತಜ್ಜ ರಾಜನ ಪಕ್ಕದಲ್ಲಿ ನಿಂತು ಕಾದಾಡಿ ಈ ನೆಲ ಗಳಿಸಿದ. ಅಜ್ಜ ಅದನ್ನು ಎರಡರಷ್ಟು ಮಾಡಿದ. ಅವರೆಲ್ಲರ ಹೆಸರೂ ನನಗೆ ಬಾಯಿಪಾಠ. ನಿನಗೆ ನಿನ್ನ ಅಪ್ಪನ ಹೆಸರಾದರೂ ಗೊತ್ತೇನು?"

ಎತ್ತಿಗೆ ಮೈಯೆಲ್ಲ ಉರಿದುಹೋಯಿತು. ಆ ನೆಲದಲ್ಲಿ ಯಾವ ಅಜ್ಜನೂ ಒಂದು ಸಾಲು ಉತ್ತವನಲ್ಲ! ಅದು ಗಕ್ಕನೆ ನಿಂತು ಹಿಂದಿರುಗಿ ನೋಡಿತು. ಗುರಾಣಿಯ ಅಂಚಿನಲ್ಲಿ ಬಣ್ಣ ಉದುರಿ, ಹಲಗೆಗೆ ಬಿಗಿದಿದ್ದ ಹಸುವಿನ ತೊಗಲು ಕಾಣುತ್ತಿತ್ತು. ತೊಗಲಿನ ಮೇಲೆ, ಎಂದೋ ಬೇಲಿಯ ಗೂಟ ಸೀಳಿದ್ದ ಕೊಕ್ಕೆಯಾಕಾರದ ಗಾಯದ ಗುರುತು. ಕರುವಾಗಿದ್ದಾಗ ಎತ್ತು ಅದನ್ನು ದಿನವೂ ನೆಕ್ಕುತ್ತಿತ್ತು.

"ಅಪ್ಪನ ಹೆಸರು ಗೊತ್ತಿಲ್ಲ," ಎಂದಿತು ಎತ್ತು. "ಆದರೆ ನಿನ್ನ ಸಿಂಹ ಮೆರೆಯುತ್ತಿರುವುದು ನನ್ನ ಅವ್ವನ ಚರ್ಮದ ಮೇಲೆ."