ಸರ್ವಮಂಗಳಮ್ಮನ ಪಟ್ಟಿ ತೆರೆಯಲಿಲ್ಲ

ಊರಿಗೆಲ್ಲ ಗಂಡು-ಹೆಣ್ಣು ಕೂಡಿಸುವ ಸರ್ವಮಂಗಳಮ್ಮನಿಗೆ ಸ್ವಂತ ಮಗನಿಗೊಂದು ಹೆಣ್ಣು ಸಿಕ್ಕಿರಲಿಲ್ಲ. ಮಗ ಮರುಳಸಿದ್ಧ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ಅದೇ ತೊಂದರೆ.

ತಿಪಟೂರಿನ ಬಸ್‌ಸ್ಟ್ಯಾಂಡ್ ಎದುರಿನ ಅವಳ ವಧೂವರರ ಕೇಂದ್ರದಲ್ಲಿ ಎರಡು ಕಂಪ್ಯೂಟರ್. ಹಾಲಸ್ವಾಮಿ ಮೇಷ್ಟ್ರು ಇಪ್ಪತ್ತೈದು ವರ್ಷದ ಹಿಂದೆ ಬರೆದುಕೊಟ್ಟ ಪ್ರೋಗ್ರಾಂ. ಹೆಸರು, ಜಾತಕ, ಫೋನು ಎಲ್ಲ ಒಂದೇ ಫೈಲಿನಲ್ಲಿ.

ಕೊನೆಗೂ ಕಡೂರಿನ ಉಮಾದೇವಿ ಎಂಬ ಹುಡುಗಿಯ ಕಡೆಯವರು ಹುಡುಗನ ಫೋಟೋ ನೋಡಿ ಹೂಂ ಅಂದರು. ಸೋಮವಾರ ಅವರಿಗೆ ಫೋನು ಮಾಡೋಣವೆಂದರೆ, "ಡೇಟಾಬೇಸ್ ಫೈಲ್ ಸಿಗಲಿಲ್ಲ" ಅಂತು ಪರದೆ.

"ಫೈಲೆಲ್ಲೋ?"

"ಚೊಕ್ಕಟ ಮಾಡು ಅಂದೆಯಲ್ಲಮ್ಮ! ಹಳೇದನ್ನೆಲ್ಲ ಬೇರೆ ಫೋಲ್ಡರಿಗೆ ಹಾಕಿದೆ."

"ಅಯ್ಯೋ ಪೆದ್ದೇ! ಮೊದಲು ಎಲ್ಲಿತ್ತೋ ಅಲ್ಲೇ ಹುಡುಕುತ್ತೆ ಆ ಪ್ರೋಗ್ರಾಂ! ಇದ್ದದ್ದನ್ನ ಇದ್ದಲ್ಲೇ ಬಿಡು, ಮುಟ್ಟಬೇಡ!"

"ಆಗಲಮ್ಮ."

ಮಂಗಳವಾರ ಹುಡುಗಿಯ ಅಪ್ಪನೇ ಬಂದರು, ಜಾತಕ ಕೇಳಿದರು. ಸಿದ್ಧ ಕಂಪ್ಯೂಟರಿನ ಗುಂಡಿ ಒತ್ತಿದ. "ಫೈಲ್ ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದಿದೆ, ಕೊಡಲಾಗದು" ಅಂತು. ಒಳಕೋಣೆಯ ಕಂಪ್ಯೂಟರಿನಲ್ಲಿ ಅಮ್ಮ ಅದನ್ನು ತೆರೆದಿಟ್ಟು ಸಂತೆಗೆ ಹೋಗಿದ್ದಳು. ಸಿದ್ಧ ಕೈಕಟ್ಟಿ ಕೂತ. ಆ ಯಜಮಾನರೂ ಕೂತರು. ಎರಡು ಗಂಟೆ! ಮೂರು ಕಾಫಿ!

"ಒಳಗೆ ಹೋಗಿ ಮುಚ್ಚಬಾರದಿತ್ತೇನೋ?" ಅಂದಳು ಸಂತೆಯಿಂದ ಬಂದ ಅಮ್ಮ.

"ಮುಟ್ಟಬೇಡ ಅಂದೆಯಲ್ಲಮ್ಮ!"

"ನನ್ನ ಕರ್ಮ! ಎಲ್ಲಾದರೂ ತೆರೆದಿದ್ದರೆ ಹೋಗಿ ಮುಚ್ಚು! ಯಾರನ್ನೂ ಕೇಳಬೇಡ!"

"ಆಗಲಮ್ಮ."

ಬುಧವಾರ, ಇನ್ನು ಹೀಗೆ ಕೈಕೊಡಬಾರದೆಂದು ಮೇಷ್ಟ್ರೇ ರಿಪೇರಿಗೆ ಬಂದರು. ಫೈಲು ತೆರೆದರು. ಅರ್ಧ ಆಗಿತ್ತು, ಕನ್ನಡಕ ಒರೆಸಲು ಅತ್ತ ತಿರುಗಿದರು. ಸಿದ್ಧ ಬಂದ, ನೋಡಿದ. ತೆರೆದಿದೆ! ಯಾರನ್ನೂ ಕೇಳಲಿಲ್ಲ. ಸ್ವಿಚ್ಚೇ ಆರಿಸಿದ.

ಮತ್ತೆ ಹಚ್ಚಿದರೆ ಅರ್ಧ ತಾಲ್ಲೂಕಿನ ಹೆಣ್ಣುಮಕ್ಕಳು ನಾಪತ್ತೆ!

"ಇನ್ನೊಂದು ಕಾಪಿ ಇಟ್ಟಿದ್ದೀರೇನಮ್ಮ?" ಅಂದರು ಮೇಷ್ಟ್ರು, ಮೆಲ್ಲಗೆ.

ಇರಲಿಲ್ಲ. ಸರ್ವಮಂಗಳಮ್ಮ ತಲೆ ಮೇಲೆ ಕೈ ಹೊತ್ತಳು. ಆದರೂ ಬೈಯುವುದನ್ನು ಬಿಡಲಿಲ್ಲ.

"ಕೇಳಿಸಿಕೊಂಡೆಯೇನೋ? ಒಂದನ್ನೇ ನಂಬಿ ಕೂತರೆ ಹೀಗೇ ಆಗೋದು! ಏನೇ ಆಗಲಿ, ಅಂಥದ್ದೇ ಇನ್ನೊಂದು ಇಟ್ಟುಕೋ!"

"ಆಗಲಮ್ಮ."

ಶುಕ್ರವಾರ ಕಡೂರಿಗೆ ಹೆಣ್ಣು ನೋಡಲು ಹೋದರು. ದಾರಿಯುದ್ದಕ್ಕೂ ಅಮ್ಮ, "ಬಾಯಿ ಬಿಡಬೇಡ ಮಗನೇ, ಕೇಳಿದರಷ್ಟೇ ಮಾತಾಡು" ಅಂದಳು. ಸಿದ್ಧ ಬಾಯಿ ಬಿಡಲಿಲ್ಲ. ಕೇಸರಿಬಾತು ಬಂತು, ಹುಡುಗಿಯೂ ಬಂದಳು. ಚೆಂದದ ಹುಡುಗಿ. ಕದ್ದು ನೋಡಿ ನಕ್ಕಳು ಕೂಡ. ಸರ್ವಮಂಗಳಮ್ಮನ ಕಣ್ಣು ತುಂಬಿತು.

"ನಮ್ಮ ಹುಡುಗಿ ಒಪ್ಪಿದ್ದಾಳೆ," ಅಂದರು ಹುಡುಗಿಯ ಅಪ್ಪ. "ನಿಮಗೆ ಹೇಗಪ್ಪ?"

ಕೇಳಿದರಲ್ಲ! ಸಿದ್ಧ ನೆಟ್ಟಗೆ ಕೂತ.

"ನನಗೂ ಒಪ್ಪಿಗೆ ಯಜಮಾನರೇ. ಇಂಥವರೇ ಇನ್ನೊಬ್ಬರು ಮನೇಲಿದ್ದಾರಾ? ಒಬ್ಬರನ್ನೇ ನಂಬಿ ಕೂರಬೇಡ ಅಂದಿದ್ದಾಳೆ ಅಮ್ಮ."

ಕೇಸರಿಬಾತಿನ ತಟ್ಟೆ ಅರ್ಧದಲ್ಲೇ ಒಳಗೆ ಹೋಯಿತು. ಹುಡುಗಿ ಅದಕ್ಕೂ ಮುಂಚೆ ಹೋಗಿದ್ದಳು.

ಮರುಳಸಿದ್ಧನ ಹೆಸರು ಇವತ್ತಿಗೂ ಮದುವೆಯಾಗದವರ ಪಟ್ಟಿಯಲ್ಲಿದೆ. ಭದ್ರವಾಗಿದೆ. ಎರಡು ಕಾಪಿ.