ಊಹೂಂ ಅನ್ನಲು ಬಾರದ ಮರಿ

ಮಕ್ಕಳೇ, ದೊಡ್ಡ ಕಾಡೊಂದರ ನಡುವೆ ಒಂದು ಕೆರೆ. ಅದರ ಸುತ್ತ ಇದ್ದ ಪ್ರಾಣಿಗಳಲ್ಲಿ ಒಂದು ಪದ್ಧತಿಯಿತ್ತು. ಅವು ನಾಯಿಮರಿಗಳನ್ನು ಮನೆಗೆ ತಂದು ಸಾಕುತ್ತಿದ್ದವು. ಮರಿ ಬೆಳೆದ ಮೇಲೆ ಕಣ್ಣು ಕಾಣದ ಯಾರಿಗಾದರೂ ದಾರಿ ತೋರಿಸಲು ಹೋಗಬೇಕು. ಸಾಕಿದವರು ಬಿಟ್ಟುಕೊಟ್ಟು ಸುಮ್ಮನಾಗಬೇಕು.

ಕರಡಿ ಭಾಗೀರಥಮ್ಮ ಹೀಗೆ ಎಷ್ಟೋ ಮರಿಗಳನ್ನು ಸಾಕಿ ಕಳಿಸಿದ್ದಳು. ಅವು ಎದುರು ಮಾತಾಡಿದರೆ ಕೂತು ಕೇಳುತ್ತಿದ್ದಳು. ಈಗ ಸೊಂಟ ನೋವು, ಕೂತರೆ ಏಳುವುದೇ ಕಷ್ಟ. ಇದೇ ಕೊನೆಯದು ಎಂದುಕೊಂಡು ಪುಟ್ಟ ಸೋಮಿಯನ್ನು ತಂದಿದ್ದಳು.

ಒಮ್ಮೆ ಹಳ್ಳಕ್ಕೆ ಅಡ್ಡ ಬಿದ್ದ, ಲಡ್ಡು ಹಿಡಿದು ಕೊಳೆತ ಮರದ ಮುಂದೆ ಸೋಮಿ ನಿಂತುಬಿಟ್ಟಿತು. "ಊಹೂಂ, ನಾನು ಬರೋಲ್ಲ."

"ನನಗೆ ಸಾಕಾಗಿದೆ ಸೋಮಿ. ನಮ್ಮನೆಯಲ್ಲಿ 'ಹೂಂ' ಒಂದೇ ಮಾತು" ಎಂದಳು ಜೊತೆಗಿದ್ದ ಭಾಗೀರಥಮ್ಮ.

ಮರಿ ಕಲಿತುಬಿಟ್ಟಿತು. ಅವಳು ಮಾತು ಮುಗಿಸುವ ಮೊದಲೇ "ಹೂಂ ಅಮ್ಮ" ಎನ್ನುತ್ತಿತ್ತು.

"ಮರಿ ಸಾಕಿದ್ದೀರೋ, ಮಾರ್ದನಿ ಸಾಕಿದ್ದೀರೋ?" ಎಂದು ಕೇಳಿದಳು ಪಕ್ಕದ ಮನೆಯ ಮುಳ್ಳುಹಂದಿ ತಿಪ್ಪಕ್ಕ.

"ನಿಮ್ಮ ಮಕ್ಕಳು ಒಂದು ದಿನ ಮಾತು ಕೇಳಿದ್ದರೆ ನಿಮಗೂ ಗೊತ್ತಾಗುತ್ತಿತ್ತು, ಬಿಡಿ" ಎಂದಳು ಭಾಗೀರಥಮ್ಮ, ಬೀಗುತ್ತಾ.

ಸೋಮಿ ಬೆಳೆಯಿತು. ಅದನ್ನು ಕಣ್ಣು ಕಳೆದುಕೊಂಡ ಮುದಿ ಕಡವೆ ಕೆಂಚಜ್ಜನಿಗೆ ಒಪ್ಪಿಸಿದರು. ಮೊದಲ ದಿನವೇ ಅಜ್ಜನಿಗೆ ವಿಪರೀತ ಬಾಯಾರಿಕೆ.

"ನೇರ ನಡಿ ಮಗಳೇ. ನೀರಿನ ವಾಸನೆ ಮುಂದೇ ಇದೆ."

ಮುಂದೆ ಆಳವಾದ ಕೆಸರಿತ್ತು. ಸೋಮಿಯ ಕಾಲು ತಡೆಯಿತು. ಆದರೆ ಬಾಯಿಂದ ಬಂದದ್ದು, "ಹೂಂ ಅಜ್ಜ."

ಕೆಂಚಜ್ಜ ಎದೆಯವರೆಗೂ ಹೂತುಹೋದ. ಆನೆಗಳು ಬಂದು ಎಳೆದಿದ್ದರಿಂದ ಜೀವ ಉಳಿಯಿತು, ಕಾಲು ಉಳುಕಿತು. ಸಂಜೆ ಅವನು ಕುಂಟುತ್ತಾ ಸೋಮಿಯ ಜೊತೆ ಕರಡಿಯ ಗುಹೆಗೆ ಬಂದ.

"ಕೆಸರು ಕಾಣಿಸಲಿಲ್ಲವೇನೇ?" ಎಂದು ಕೇಳಿದಳು ಭಾಗೀರಥಮ್ಮ.

"ಕಾಣಿಸಿತು ಅಮ್ಮ."

"ಮತ್ತೆ ಹೇಳಬಾರದಿತ್ತೇ?"

"ಅಜ್ಜ ನಡಿ ಅಂದರು. ಹೂಂ ಅಂದೆ."



"ಮರಿ ಒಳ್ಳೆಯದೇ, ತಾಯಿ. ಆದರೆ ಮಾತು ಕೇಳುವುದಕ್ಕೆ ನನಗೇ ಕಿವಿಯಿದೆ. ನನ್ನನ್ನು ತಡೆಯುವವರು ಬೇಕು. ಯಾರಾದರೂ ತಿದ್ದುವುದಾದರೆ ಕಾಯುತ್ತೇನೆ" ಎಂದ ಕೆಂಚಜ್ಜ.

"ಈ ಸೊಂಟ ಇಟ್ಟುಕೊಂಡು ನೀವು ತಿದ್ದಿದ ಹಾಗೇ" ಎಂದಳು ಬಾಗಿಲಲ್ಲಿ ನಿಂತಿದ್ದ ತಿಪ್ಪಕ್ಕ.

"ಕೆಡಿಸಿದ್ದು ನಾನು. ಇನ್ಯಾರನ್ನು ಕರೆಯಲಿ?"

ಬೆಳಿಗ್ಗೆ ಅವಳು ಸೋಮಿಯನ್ನು ಮುಳ್ಳಿನ ಪೊದೆಯ ಬಳಿ ನಿಲ್ಲಿಸಿದಳು. "ಮುಳ್ಳಿನ ಮೇಲೆ ನಡಿ."

"ಹೂಂ ಅಮ್ಮ."

ಪಾದಕ್ಕೆ ಮುಳ್ಳು ಚುಚ್ಚಿತು. ಭಾಗೀರಥಮ್ಮ ಹಲ್ಲಿನಿಂದ ಕಿತ್ತಳು, ಗಾಯ ನೆಕ್ಕಿದಳು. ಮತ್ತೆ ಅದೇ ಮಾತು ಹೇಳಿದಳು. "ಮುಳ್ಳಿನ ಮೇಲೆ ನಡಿ."

ಸೋಮಿ ಮುಳ್ಳನ್ನು ನೋಡಿತು, ಅವಳ ಮುಖ ನೋಡಿತು. ಎತ್ತಿದ ಕಾಲು ಎತ್ತಿದಂತೆಯೇ ಉಳಿಯಿತು.

ಭಾಗೀರಥಮ್ಮ ಸೊಂಟ ಹಿಡಿದು ಅಲ್ಲೇ ನೆಲದ ಮೇಲೆ ಕೂತಳು. ಮರಿ ಬಾಯಿ ಬಿಟ್ಟು 'ಊಹೂಂ' ಅನ್ನುವವರೆಗೆ ಅವಳು ಏಳುವ ಹಾಗಿರಲಿಲ್ಲ.

ನೀತಿ: ಅಪಾಯ ಕಂಡಾಗ ಹಿರಿಯರಿಗೂ 'ಬೇಡ' ಎನ್ನುವ ಮರಿಯೇ ದಾರಿ ತೋರಿಸಬಲ್ಲದು, ಹಾಗೆನ್ನಲು ಕಲಿಸುವುದು, ಎಷ್ಟೇ ದಣಿದಿದ್ದರೂ, ಸಾಕಿದವರ ಕೆಲಸ.